ರಿಯಲ್ಲೇ ನಿಂತ ಹಾಡು

ಜೂನ್ 24 ಫ್ಲಾರೆನ್ಸಿನಲ್ಲಿ ಊರಹಬ್ಬ. ಊರು ಕಾಯುವ ಸಂತ, ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೋಹಾನ ಹುಟ್ಟಿದ ದಿನ. ಆಫೀಸಿಗೆ ರಜೆ, ರಾತ್ರಿ ಪಟಾಕಿ. ಆ ವರ್ಷ ನನಗೆ ಇನ್ನೊಂದು ಕೆಲಸವೂ ಗಂಟುಬಿದ್ದಿತ್ತು. ನಮ್ಮ ಬೀದಿಯ ಪುಟ್ಟ ಚರ್ಚಿನ ಸಂಜೆ ಪ್ರಾರ್ಥನೆಯಲ್ಲಿ ಲ್ಯಾಟಿನ್ ಹಾಡು ಹಾಡಬೇಕು. ನಾನು ಕ್ರೈಸ್ತನಲ್ಲ. ಹಾಡೋರು ಕಡಿಮೆ ಅಂತ ಪಕ್ಕದ ಮನೆ ಅಜ್ಜಿ ಎಳೆದುಕೊಂಡು ಹೋಗಿದ್ದರು, ಅಷ್ಟೇ.

ಬೆಳಗ್ಗೆ ಎದ್ದರೆ ಗಂಟಲು ಕಟ್ಟಿದೆ!

ಅಜ್ಜಿ ಜೋರಾಗಿ ನಕ್ಕರು. ಆಮೇಲೆ ಯಾಕೆ ಅಂತ ಹೇಳಿದರು. ಈ ಹಾಡು ಬರೆದದ್ದು 8ನೇ ಶತಮಾನದ ಸನ್ಯಾಸಿ ಪೌಲ್ ದ ಡೀಕನ್ ಅನ್ನುತ್ತಾರೆ. ಈಸ್ಟರ್ ಹಬ್ಬದ ಹಿಂದಿನ ದಿನ ಹಾಡಬೇಕಾದಾಗ ಅವನಿಗೂ ಗಂಟಲು ಕಟ್ಟಿತ್ತಂತೆ. ಯೋಹಾನನಿಗೇ ಯಾಕೆ ಮೊರೆ? ಅವನಪ್ಪ ಜಕರೀಯ ದೇವದೂತನ ಮಾತು ನಂಬದೆ ಮೂಕನಾಗಿದ್ದ. 'ಮಗುವಿನ ಹೆಸರು ಯೋಹಾನ' ಅಂತ ಹಲಗೆ ಮೇಲೆ ಬರೆದ ಮೇಲೇ ಅವನಿಗೆ ಮಾತು ಬಂದದ್ದು. ಹಾಡಿನಲ್ಲಿ ಕೇಳುವುದೂ ಇಷ್ಟೇ: ನಿನ್ನ ಮಹಿಮೆ ಹಾಡೋಕೆ ಗಂಟಲು ಸಡಿಲಾಗಲಿ, ನಮ್ಮ ಮೈಲಿಗೆ ತುಟಿಗಳ ದೋಷ ಕಳೆ.

'ಉತ್ ಕ್ವೇಯಾಂತ್ ಲಾಕ್ಸಿಸ್...' ಕಾಗದದಲ್ಲಿ ನಾಲ್ಕು ಗೆರೆ, ಅದರ ಮೇಲೆ ಚೌಕ ಚೌಕ ಸ್ವರಗಳು. ಮೊದಲ ಆರು ತುಣುಕುಗಳಲ್ಲಿ ಪ್ರತಿಯೊಂದೂ ಹಿಂದಿನದಕ್ಕಿಂತ ಒಂದು ಸ್ವರ ಮೇಲೆ ಶುರುವಾಗುತ್ತದೆ. ಅವುಗಳ ಮೊದಲ ಅಕ್ಷರಗಳು ಉತ್, ರೆ, ಮಿ, ಫಾ, ಸೋಲ್, ಲಾ. ಇಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಅರೆಝೋದಲ್ಲಿದ್ದ ಗ್ವಿದೋ ಅನ್ನುವ ಸನ್ಯಾಸಿ 11ನೇ ಶತಮಾನದಲ್ಲಿ ಇವನ್ನೇ ಸ್ವರಗಳ ಗುರುತಾಗಿ ಹಿಡಿದು ಹುಡುಗರಿಗೆ ಪಾಠ ಹೇಳಿದ. 'ಉತ್' ಆಮೇಲೆ 'ದೋ' ಆಯಿತು. ದೋ ರೆ ಮಿ ಬಂದದ್ದು ಹೀಗೆ. ಶಿವಮೊಗ್ಗದಲ್ಲಿ ಸರಳೆ ವರಸೆ ಹೇಳಿಕೊಂಡು ಬೆಳೆದ ನನಗೆ ಇದು ಗೊತ್ತೇ ಇರಲಿಲ್ಲ.

ಈಗಿನ ಇಟಲಿಯವರಿಗೆ ದೋ ಅಂದರೆ ಪಿಯಾನೋದಲ್ಲಿ ಅದರದ್ದೇ ಒಂದು ಬಿಳಿ ಮನೆ, ಅದು ಕದಲುವುದಿಲ್ಲ. ನಮ್ಮ ಸಾ ಹಾಗಲ್ವಲ್ಲ, ಗಂಟಲಿಗೆ ಹೊಂದುವ ಕಡೆ ಕೂರುತ್ತದೆ. ನನಗೆ ಭಯ ಇದ್ದದ್ದೇ ಅಲ್ಲಿ. ಆದರೆ ಈ ಹಳೇ ಹಾಡುಗಳಿಗೆ ಆ ಕಟ್ಟುಪಾಡಿಲ್ಲ. ಹಾಡಿಸುವ ಮೇಷ್ಟ್ರು ನನ್ನ ಕೀರಲು ದನಿ ಕೇಳಿದವರೇ ಎಲ್ಲರಿಗೂ ಶ್ರುತಿ ಇಳಿಸಿಬಿಟ್ಟರು. ತಂಬೂರಿ ಇಲ್ಲ, ತಾಳ ಇಲ್ಲ. ಒಂದೇ ದನಿಯಲ್ಲಿ ಎಂಟು ಜನ.

ಇನ್ನೊಂದು ತೊಡಕಿತ್ತು. ಉತ್ ಅನ್ನು ಸಾ ಅಂದುಕೊಂಡರೆ ಹಾಡು ಸಾದಲ್ಲಿ ಮುಗಿಯುವುದಿಲ್ಲ, ರಿಯಲ್ಲಿ ಬಂದು ಕೂರುತ್ತದೆ. ಅಭ್ಯಾಸದಲ್ಲಿ ಪ್ರತಿ ಸಲ ನಾನು ಒಬ್ಬನೇ ಕೆಳಗಿಳಿಯುತ್ತಿದ್ದೆ. 'ಅಲ್ಲೇ ನಿಲ್ಲು ಮಾರಾಯ' ಅನ್ನುವ ಹಾಗೆ ಮೇಷ್ಟ್ರು ಅಂಗೈ ತೋರಿಸುತ್ತಿದ್ದರು.

ಸಂಜೆ ಎಲ್ಲ ಚೆನ್ನಾಗಿಯೇ ಹೋಯಿತು. ಗಂಟಲೂ ಅರ್ಧ ಬಿಟ್ಟಿತ್ತು. ಕೊನೆಗೆ ಆಮೆನ್, ಅದೂ ರಿಯಲ್ಲೇ. ಚರ್ಚೆಲ್ಲ ನಿಶ್ಶಬ್ದ.

ಆ ನಿಶ್ಶಬ್ದದಲ್ಲಿ ನನ್ನ ಬಾಯಿಂದ ಸಣ್ಣಗೆ ಒಂದು ಸಾ ಬಿತ್ತು. ಅಜ್ಜಿ ಮೊಣಕೈಯಿಂದ ತಿವಿದರು.