ಜಾನ್ಸನ್‌ಗೆ ಸೀರಿಯಸ್

ಅಪ್ಪನಿಗೆ ಕೊಹಿನೂರು ಹಿಡಿಸಲಿಲ್ಲ. "ಇಷ್ಟೇನಾ?" ಅಂದರು. ಲಂಡನ್ ಟವರ್‌ನಲ್ಲಿ ಕಿರೀಟಗಳ ಮುಂದೆ ನಿಂತು ನೋಡುವ ಹಾಗಿಲ್ಲ, ಕಾಲ ಕೆಳಗಿನ ಪಟ್ಟಿ ತಾನೇ ಸರಿಯುತ್ತ ನಮ್ಮನ್ನು ಮುಂದೆ ಸಾಗಿಸುತ್ತದೆ. ಅಪ್ಪ ಕನ್ನಡಕ ಸರಿಮಾಡಿಕೊಳ್ಳುವುದರೊಳಗೆ ರಾಣಿಯಮ್ಮನ ಕಿರೀಟ ಹಿಂದಾಗಿತ್ತು. ಮತ್ತೊಂದು ಸುತ್ತು ಕರೆದುಕೊಂಡು ಹೋದೆ. ಎರಡನೇ ಸಲವೂ ಅದೇ ಮಾತು. 105 ಕ್ಯಾರಟ್ಟಿನ ವಜ್ರಕ್ಕಿಂತ ಅದನ್ನು ಕಾಯುತ್ತಿದ್ದ ಸಿಪಾಯಿಯ ಬೂಟಿನ ಪಾಲಿಶ್ ಅವರಿಗೆ ಹೆಚ್ಚು ಮೆಚ್ಚುಗೆಯಾಯಿತು.

ಅದು 2014ರ ನವೆಂಬರ್ 6, ಗುರುವಾರ. ವಾರಾಂತ್ಯದ ಜಂಗುಳಿ ತಪ್ಪಿಸಲು ರಜೆ ಹಾಕಿದ್ದೆ, ತಪ್ಪಿಸಲು ಆಗಲಿಲ್ಲ. ಮೊದಲ ಮಹಾಯುದ್ಧಕ್ಕೆ ನೂರು ವರ್ಷವೆಂದು ಆ ವರ್ಷ ಟವರ್‌ನ ಕಂದಕದ ತುಂಬ ಸೆರಾಮಿಕ್ಕಿನ ಕೆಂಪು ಗಸಗಸೆ ಹೂಗಳನ್ನು ನೆಡುತ್ತಿದ್ದರು. ಒಂದೊಂದು ಹೂವೂ ಸತ್ತ ಒಬ್ಬೊಬ್ಬ ಸೈನಿಕನದು, ಬ್ರಿಟನ್ನಿನವರದೂ ವಸಾಹತುಗಳವರದೂ ಸೇರಿ ಒಟ್ಟು 8,88,246. ಕಡೆಯ ಹೂವಿಗೆ ಇನ್ನು ಐದೇ ದಿನ ಬಾಕಿ ಇತ್ತು. ಕೋಟೆಯ ಗೋಡೆಯಿಂದ ರಕ್ತ ಇಳಿದು ಕಂದಕದಲ್ಲಿ ಮಡುಗಟ್ಟಿದ ಹಾಗೆ ಕಾಣುತ್ತಿತ್ತು. ನೋಡಲು ಬಂದವರ ಸಾಲು ಟ್ಯೂಬ್ ಸ್ಟೇಷನ್ನಿನ ಮೆಟ್ಟಿಲವರೆಗೆ.

ಒಳಗೆ, ಪೂರ್ವದ ಗೋಡೆಯ ಹತ್ತಿರ, ಕಡು ನೀಲಿ ನಿಲುವಂಗಿಗೆ ಕೆಂಪು ಅಂಚಿನ ವಾರ್ಡರ್ ಒಬ್ಬರು ಯಾರಿಗೋ ಏನೋ ಹೇಳುತ್ತಿದ್ದರು. ಅಪ್ಪ ಕಿವಿಗೊಟ್ಟರು. ಸರಿಯಾಗಿ ನೂರು ವರ್ಷದ ಹಿಂದೆ, ಇದೇ ದಿನ ಬೆಳಗಿನ ಜಾವ, ಈ ಗೋಡೆಗಳ ನಡುವೆ ಇದ್ದ ಪುಟ್ಟ ರೈಫಲ್ ರೇಂಜಿನಲ್ಲಿ ಜರ್ಮನ್ ಗೂಢಚಾರನೊಬ್ಬನನ್ನು ಗುಂಡಿಕ್ಕಿ ಕೊಂದರಂತೆ. ಹೆಸರು ಕಾರ್ಲ್ ಹಾನ್ಸ್ ಲೋಡಿ. ಆ ಯುದ್ಧದಲ್ಲಿ ಟವರ್‌ನೊಳಗೆ ಹೀಗೆ ಸತ್ತ ಹನ್ನೊಂದು ಗೂಢಚಾರರಲ್ಲಿ ಮೊದಲಿಗ. ಎಂಟು ಜನ ಗಾರ್ಡ್ಸ್ ಸೈನಿಕರು ಕೋವಿ ಹಿಡಿದಿದ್ದರು. ರೇಂಜು ಈಗಿಲ್ಲ.

"ಸಿಕ್ಕಿಬಿದ್ದದ್ದು ಹೇಗೆ?" ಅಪ್ಪ ತಮ್ಮ ಪೋಸ್ಟಾಫೀಸಿನ ಇಂಗ್ಲಿಷಿನಲ್ಲಿ ಕೇಳಿದರು.

"ಟಪಾಲಿನಿಂದ," ಅಂದರು ವಾರ್ಡರ್. "ಒಂದು ತಂತಿ, ಕೆಲವು ಕಾಗದ."

ಅಲ್ಲಿಗೆ ಮುಗಿಯಿತು. ಅಪ್ಪ ಮೂವತ್ತೆಂಟು ವರ್ಷ ಅಂಚೆ-ತಂತಿ ಇಲಾಖೆಯಲ್ಲಿದ್ದವರು. ಮಲೆನಾಡಿನ ಸಣ್ಣ ಊರುಗಳಲ್ಲಿ ಸಿಗ್ನಲರ್ ಆಗಿ ಕಟ್ಟ-ಕಡ ಕುಟ್ಟುತ್ತ ಸರ್ವೀಸು ಶುರು ಮಾಡಿದವರು. ಹಿಂದಿನ ವರ್ಷ ಜುಲೈನಲ್ಲಿ ಭಾರತದಲ್ಲಿ ತಂತಿ ಸೇವೆ ನಿಂತಾಗ ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ. ತಂತಿಯಿಂದ ಸಿಕ್ಕಿಬಿದ್ದ ಮನುಷ್ಯ ಅಂದಮೇಲೆ ಬಿಡುತ್ತಾರೆಯೇ? ಹೊರಗೆ ಬೆಂಚಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚುವಾಗ ನನ್ನ ಫೋನಿನಲ್ಲಿ ಅವನ ಕಥೆ ಹುಡುಕಿಸಿ, ಒಂದೊಂದೇ ಸಾಲು ಓದಿಸಿಕೊಂಡರು.

ಲೋಡಿ ಬರ್ಲಿನ್ನಿನವನು, ಹುಟ್ಟಿದ್ದು 1877ರಲ್ಲಿ. ಚಿಕ್ಕಂದಿನಲ್ಲೇ ತಬ್ಬಲಿ. ಹಡಗು ಸೇರಿದ, ನೌಕಾಪಡೆಯಲ್ಲೂ ಸ್ವಲ್ಪ ಕಾಲ ಇದ್ದ, ಹೊಟ್ಟೆಯ ಆಪರೇಷನ್ ಆದಮೇಲೆ ಆ ಕೆಲಸಕ್ಕೆ ಆಗದವನಾದ. ಆಮೇಲೆ ಹ್ಯಾಂಬರ್ಗ್-ಅಮೆರಿಕ ಹಡಗು ಕಂಪನಿಯಲ್ಲಿ ಪ್ರವಾಸಿಗರಿಗೆ ಗೈಡು. ಇಂಗ್ಲಿಷ್ ಅಮೆರಿಕದ ಉಚ್ಚಾರಣೆಯಲ್ಲಿ ಸಲೀಸು. ಅಮೆರಿಕದ ಒಮಾಹಾದಲ್ಲಿ ಬಿಯರ್ ಕಾರ್ಖಾನೆಯ ಮಾಲೀಕನ ಮಗಳನ್ನು 1912ರಲ್ಲಿ ಮದುವೆಯಾದ. ಎರಡೇ ತಿಂಗಳಿಗೆ ಆಕೆ, ಗಂಡ ಹೊಡೆಯುತ್ತಾನೆ ಎಂದು ಕೋರ್ಟಿಗೆ ಹೋದಳು. ಇದನ್ನು ಓದಿದಾಗ ಅಪ್ಪ ಡಬ್ಬಿಯ ಮುಚ್ಚಳ ಹಾಕಿ, "ಹಾಗಾದರೆ ಒಳ್ಳೆಯವನೇನಲ್ಲ" ಅಂದರು. ನಾನೂ ಅದನ್ನು ಇಲ್ಲಿ ಬಿಡುತ್ತಿಲ್ಲ, ಯಾಕೆಂದರೆ ಮುಂದಿನ ಕಥೆ ಕೇಳಿದವರಿಗೆ ಅವನ ಮೇಲೆ ಪ್ರೀತಿ ಬಂದುಬಿಡುವ ಅಪಾಯವಿದೆ.

ಯುದ್ಧ ಶುರುವಾದಾಗ ಜರ್ಮನ್ ನೌಕಾ ಗುಪ್ತಚರ ವಿಭಾಗದವರು ಅವನ ಕೈಗೆ ಒಂದು ಅಮೆರಿಕನ್ ಪಾಸ್‌ಪೋರ್ಟ್ ಇಟ್ಟರು. ಚಾರ್ಲ್ಸ್ ಎ. ಇಂಗ್ಲಿಸ್ ಎಂಬ ನಿಜವಾದ ಅಮೆರಿಕನ್ನನದು. ಅವನು ಬರ್ಲಿನ್ನಿನಲ್ಲಿ ಯಾವುದೋ ಮುದ್ರೆ ಒತ್ತಿಸಲು ಕೊಟ್ಟಿದ್ದ, ಕಚೇರಿಯವರು "ಕಳೆದುಹೋಯಿತು" ಅಂದರು. ಆಗಿನ ಅಮೆರಿಕನ್ ಪಾಸ್‌ಪೋರ್ಟಿನಲ್ಲಿ ಫೋಟೋ ಇರುತ್ತಿರಲಿಲ್ಲ. (ಅಪ್ಪನ ವೀಸಾಕ್ಕೆ ಹತ್ತೂ ಬೆರಳಿನ ಗುರುತು, ನನ್ನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮನೆಯ ಬಾಡಿಗೆ ಕರಾರು ಎಲ್ಲ ಕೊಟ್ಟಿದ್ದ ನನಗೆ ಸಣ್ಣಗೆ ಹೊಟ್ಟೆ ಉರಿಯಿತು.) ಬ್ರಿಟನ್ನಿಗೆ ಹೋಗಿ ಯುದ್ಧನೌಕೆಗಳ ಓಡಾಟ ತಿಳಿಸಬೇಕು, ಮೊದಲ ಸಮುದ್ರ ಕಾಳಗ ಆಗುವವರೆಗೆ ಇದ್ದು ಆಮೇಲೆ ನ್ಯೂಯಾರ್ಕಿಗೆ ಹೊರಟುಬಿಡಬೇಕು, ಇಷ್ಟೇ ಆಜ್ಞೆ. ತರಬೇತಿ ಎಂಬುದು ಹೆಸರಿಗೂ ಇಲ್ಲ.

ನಾರ್ವೆಯಿಂದ ಹಡಗು ಹತ್ತಿ ಆಗಸ್ಟ್ ಕೊನೆಗೆ ನ್ಯೂಕಾಸಲ್, ಅಲ್ಲಿಂದ ಎಡಿನ್‌ಬರೋ. ಅಲ್ಲಿ ಸೈಕಲ್ ಬಾಡಿಗೆಗೆ ಹಿಡಿದು ಬಂದರಿನ ಕಡೆ ಸುತ್ತಾಡಿದ. ಆಗಸ್ಟ್ 30ರಂದು ಸ್ಟಾಕ್‌ಹೋಮಿನ ಅಡಾಲ್ಫ್ ಬುರ್ಖಾರ್ಡ್ ಎಂಬ ಹೆಸರಿಗೆ ಒಂದು ತಂತಿ ಕೊಟ್ಟ: "ಮಸ್ಟ್ ಕ್ಯಾನ್ಸಲ್ ಜಾನ್ಸನ್ ವೆರಿ ಇಲ್ ಲಾಸ್ಟ್ ಫೋರ್ ಡೇಸ್ ಶಲ್ ಲೀವ್ ಶಾರ್ಟ್‌ಲಿ." ಜಾನ್ಸನ್ನನಿಗೆ ನಾಲ್ಕು ದಿನದಿಂದ ತುಂಬ ಕಾಯಿಲೆ, ಬೇಗ ಹೊರಡುತ್ತೇನೆ. ಒಳ ಅರ್ಥ, ನಾಲ್ಕು ಯುದ್ಧನೌಕೆಗಳು ಹೊರಡಲಿವೆ.

ಅಪ್ಪ ಎರಡು ಸಲ ಓದಿಸಿದರು. ಬೆರಳಿನಲ್ಲಿ ಪದ ಎಣಿಸಿದರು. ಹನ್ನೊಂದು.

"ಕಾಯಿಲೆ ಯಾರಿಗೋ, ಹೊರಡುವವನು ಇನ್ಯಾರೋ. ರದ್ದು ಮಾಡಬೇಕಾದ್ದು ಏನು? ಕೌಂಟರಿನಲ್ಲಿ ನಾನಿದ್ದಿದ್ದರೆ ಫಾರಂ ವಾಪಸ್ ತಳ್ಳಿ ಸರಿಯಾಗಿ ಬರೆದುಕೊಂಡು ಬಾ ಅಂತಿದ್ದೆ."

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ತಂತಿ ಬಂತು ಅಂದರೆ ಒಡೆಯುವ ಮೊದಲೇ ಅಳು ಶುರುವಾಗುತ್ತಿದ್ದ ಕಾಲ ಅದು. "ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ" ಅಂದರೆ ಹೆಚ್ಚಿನ ಸಲ ತಾಯಿ ಆಗಲೇ ಹೋಗಿಯಾಗಿದೆ ಎಂದರ್ಥ. ಅಪ್ಪ ಹೇಳುವ ಇನ್ನೊಂದು ಅರ್ಥವೂ ಉಂಟು. ಬೊಂಬಾಯಿಯ ಹೋಟೆಲುಗಳಲ್ಲಿ, ಮಿಲಿಟರಿಯಲ್ಲಿ ಇದ್ದ ಹುಡುಗರು ರಜೆ ಸಿಗದಿದ್ದರೆ ಮನೆಗೆ ಕಾಗದ ಬರೆದು ಅದೇ ತಂತಿಯನ್ನು ತಮಗೆ ಕಳಿಸಿಕೊಳ್ಳುತ್ತಿದ್ದರು. ಅಡಿಕೆ ಕೊಯ್ಲು, ತಂಗಿಯ ಮದುವೆ, ಊರಿನ ತೇರು ಬಂದಾಗಲೆಲ್ಲ ಆ ಭಾಗದ ತಾಯಂದಿರು ಸಾಲಾಗಿ ಸೀರಿಯಸ್ ಆಗುತ್ತಿದ್ದರಂತೆ. ನಿಜವಾದ ತಂತಿ ಯಾವುದು, ಸುಳ್ಳು ಯಾವುದು ಎಂದು ಕೌಂಟರಿಗೆ ಬಂದವರ ಮುಖ ನೋಡದೆಯೇ ಹೇಳಬಹುದಿತ್ತಂತೆ. ನಿಜವಾಗಿ ಸಂಕಟದಲ್ಲಿದ್ದವನು ಪದ ಎಣಿಸುವುದಿಲ್ಲ. ಇಲ್ಲವೇ ಒಂದೇ ಪದ ಬರೆದು ನಿಂತುಬಿಡುತ್ತಾನೆ. ನಾಲ್ಕು ದಿನ ಎಂಬ ಲೆಕ್ಕ ಹಾಕುವುದು ಸುಳ್ಳು ಹೇಳುವವನು.

ತಂತಿ ಹೇಗೋ ಪಾಸಾಗಿ ಹೋಯಿತು. ಕೆಟ್ಟದ್ದು ವಿಳಾಸದಿಂದ. ಸ್ಟಾಕ್‌ಹೋಮಿನ ಆ ವಿಳಾಸ ಜರ್ಮನ್ನರ ಟಪಾಲು ಪೆಟ್ಟಿಗೆ ಎಂದು ಬ್ರಿಟಿಷರಿಗೆ ಗೊತ್ತಿತ್ತು. ಆಮೇಲೆ ಅವನು ಬರೆದ ಕಾಗದಗಳನ್ನೆಲ್ಲ ಒಡೆದು ಓದಿದರು, ಹೆಚ್ಚಿನವನ್ನು ತಡೆದಿಟ್ಟರು. ಗುಪ್ತ ಲಿಪಿ ಇಲ್ಲ, ಕಾಣದ ಶಾಯಿ ಇಲ್ಲ, ಬಾವನಿಗೆ ಬರೆದ ಹಾಗೆ ಎಲ್ಲ ಬಿಡಿಸಿ ಬರೆಯುತ್ತಿದ್ದ. ಒಂದು ಕಾಗದವನ್ನು ಮಾತ್ರ ಬೇಕೆಂದೇ ಮುಂದೆ ಬಿಟ್ಟರು. ರಷ್ಯಾದ ಸೈನ್ಯ ಸ್ಕಾಟ್ಲೆಂಡಿಗೆ ಬಂದಿಳಿದು ಫ್ರಾನ್ಸಿಗೆ ಹೋಗುತ್ತಿದೆ ಎಂದು ಆಗ ಬ್ರಿಟನ್ನಿನಲ್ಲೆಲ್ಲ ಗಾಳಿಸುದ್ದಿ. ಅವರ ಬೂಟಿನ ಮೇಲೆ ಇನ್ನೂ ಹಿಮ ಇತ್ತು ಎನ್ನುವವರೂ ಇದ್ದರು. ಲೋಡಿ ಅದನ್ನು ನಂಬಿ, ಸುಮಾರು 60,000 ಜನ ಎಂದು ಅಂದಾಜೂ ಹಾಕಿ ಬರೆದ. ಕಿಟಕಿ ಪರದೆ ಇಳಿಬಿಟ್ಟ ರೈಲುಗಳು ಸ್ಟೇಷನ್ನಿನಲ್ಲಿ ನಿಲ್ಲದೆ ಓಡಿದ್ದನ್ನು ತಾನೇ ನೋಡಿದೆ ಎಂದ. ರಷ್ಯನ್ನರು ಯಾರೂ ಬಂದಿರಲಿಲ್ಲ. ಬ್ರಿಟಿಷರಿಗೆ ಇದಕ್ಕಿಂತ ಒಳ್ಳೆಯ ಕಾಗದ ಬೇರೆ ಯಾರೂ ಬರೆದುಕೊಡಲು ಸಾಧ್ಯವಿರಲಿಲ್ಲ.

ಅಕ್ಟೋಬರ್ 2ರಂದು ಐರ್ಲೆಂಡಿನ ಕಿಲಾರ್ನಿಯ ಹೋಟೆಲಿನಲ್ಲಿ ಹಿಡಿದರು. ಚಾರ್ಲ್ಸ್ ಇಂಗ್ಲಿಸ್ ಅಂತಲೇ ವಾದಿಸಿದ. ಕೋಟಿನ ಒಳಗೆ ಬರ್ಲಿನ್ನಿನ ದರ್ಜಿ ಹೊಲಿದ ಚೀಟಿ ಇತ್ತು. ಅದರ ಮೇಲೆ ಗಿರಾಕಿಯ ಹೆಸರು, ಲೋಡಿ.

ಅಪ್ಪ ನಕ್ಕುಬಿಟ್ಟರು. "ಅಗಸನ ಗುರುತು!" ಅಂದರು. ನಮ್ಮೂರಲ್ಲಿ ಕಳ್ಳನೊಬ್ಬ ಸಿಕ್ಕಿದ್ದೂ ಪಂಚೆಯ ಮೂಲೆಯ ಗೇರುಶಾಯಿಯ ಗುರುತಿನಿಂದ ಎಂದು ಒಂದು ಕಥೆ ಬಂತು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಅವನು ಸಿಕ್ಕಿಬೀಳುವ ಹತ್ತು ದಿನ ಮೊದಲು ಎಂಡನ್ ಎಂಬ ಜರ್ಮನ್ ಹಡಗು ಮದ್ರಾಸಿನ ಮೇಲೆ ಗುಂಡು ಹಾರಿಸಿತ್ತು. ನಾವಿರುವ ಈಸ್ಟ್ ಹ್ಯಾಮ್‌ನಲ್ಲಿ ತಮಿಳರೇ ತುಂಬಿದ್ದಾರೆ. ದೋಸೆ ಹಿಟ್ಟು ತರುವ ಅಂಗಡಿಯಲ್ಲಿ ಪಾಕಡಾ ಆಸಾಮಿಯನ್ನು ಈಗಲೂ "ಎಮ್ಡನ್" ಅನ್ನುತ್ತಾರೆ. ಎಂಡನ್ ಭಾಷೆಯೊಳಗೆ ಸೇರಿತು. ಲೋಡಿ ಪಾಪ, ಯಾವ ಗಾದೆಗೂ ಸೇರುವಷ್ಟು ಪಾಕಡಾ ಅಲ್ಲ.

ವಿಚಾರಣೆ ಮೂರು ದಿನ, ಬಹಿರಂಗವಾಗಿ, ವೆಸ್ಟ್‌ಮಿನ್‌ಸ್ಟರಿನ ಮಿಡ್ಲ್‌ಸೆಕ್ಸ್ ಗಿಲ್ಡ್‌ಹಾಲಿನಲ್ಲಿ ನಡೆಯಿತು. ಈಗ ಅದೇ ಕಟ್ಟಡದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಇದೆ. ಕಳಿಸಿದವರ ಹೆಸರು ಕೇಳಿದಾಗ, ಮಾತು ಕೊಟ್ಟಿದ್ದೇನೆ, ಹೇಳಲಾರೆ ಎಂದ. ತಾನು ಮಾಡಿದ್ದನ್ನು ಅಲ್ಲಗಳೆಯಲೂ ಇಲ್ಲ. ಬ್ರಿಟಿಷ್ ಗುಪ್ತಚರ ಇಲಾಖೆ ಎಂಐ5ರ ಮುಖ್ಯಸ್ಥ ವರ್ನನ್ ಕೆಲ್‌ಗೇ ಅವನ ಬಗ್ಗೆ ಗೌರವ ಹುಟ್ಟಿತು. ಸಾಯುವ ಮೊದಲು ಲೋಡಿ ತನ್ನನ್ನು ಕಾವಲಿನಲ್ಲಿಟ್ಟಿದ್ದ ಗ್ರೆನೇಡಿಯರ್ ಗಾರ್ಡ್ಸ್ ಪಡೆಗೆ, ಚೆನ್ನಾಗಿ ನೋಡಿಕೊಂಡಿರಿ ಎಂದು ಕೃತಜ್ಞತೆಯ ಕಾಗದ ಬರೆದ. ಗುಂಡು ಹೊಡೆದವರೂ ಅದೇ ಪಡೆಯವರು. ಕೊನೆಗೆ ಅಧಿಕಾರಿಯನ್ನು ಕೇಳಿದನಂತೆ, "ಜರ್ಮನ್ ಗೂಢಚಾರನ ಕೈ ಕುಲುಕಲು ನಿಮಗೆ ಮನಸ್ಸು ಬರಲಿಕ್ಕಿಲ್ಲ, ಅಲ್ಲವೇ?" ಅಧಿಕಾರಿ, "ಇಲ್ಲ, ಆದರೆ ಧೈರ್ಯವಂತನೊಬ್ಬನ ಕೈ ಕುಲುಕುತ್ತೇನೆ" ಅಂದನಂತೆ.

ನನ್ನ ಗಂಟಲು ಕಟ್ಟಿತು, ಸುಳ್ಳೇಕೆ ಹೇಳಲಿ. ಅಪ್ಪ ಮಾತ್ರ ಕಂದಕದ ಕಡೆ ನೋಡುತ್ತಿದ್ದರು. "ಈ ಹೂವುಗಳಲ್ಲಿ ಅವನದೊಂದು ಇದೆಯಾ?"

"ಇಲ್ಲಪ್ಪ. ಅವನು ಆ ಕಡೆಯವನು."

"ಮತ್ತೆ ಎಲ್ಲಿ ಹಾಕಿದರು ಅವನನ್ನು?"

ಪ್ಲೇಸ್ಟೋ ಎಂದು ಫೋನು ಹೇಳಿತು. ಅಪ್ಪನಿಗೆ ಆ ಹೆಸರು ಪರಿಚಯದ್ದು. ಡಿಸ್ಟ್ರಿಕ್ಟ್ ಲೈನಿನಲ್ಲಿ ನಮ್ಮ ಮನೆಗೆ ಎರಡು ಸ್ಟೇಷನ್ ಮುಂಚೆ ಬರುವ ಊರು. ಬಂದ ಎರಡೇ ವಾರದಲ್ಲಿ ಅವರು ಸ್ಟೇಷನ್‌ಗಳನ್ನು ಕೊಪ್ಪ-ಶೃಂಗೇರಿ ಬಸ್ಸಿನ ನಿಲ್ದಾಣಗಳ ಹಾಗೆ ಬಾಯಿಪಾಠ ಮಾಡಿದ್ದರು. "ದಾರಿಯಲ್ಲೇ ಅಲ್ಲವೇನೋ," ಅಂದರು.

ಆಗ ನನಗೆ ಹೊಳೆದದ್ದು ಇದು. ನಾನು ದಿನಾ ಆಫೀಸಿಂದ ಮನೆಗೆ ಬರುವ ಹಸಿರು ಲೈನಿನ ಮೇಲೇ ಅವನ ಕೊನೆಯ ವಾರ ಪೂರ್ತಿ ಇದೆ. ಕೂಡಿಹಾಕಿದ್ದ ವೆಲಿಂಗ್ಟನ್ ಬ್ಯಾರಕ್ಸ್ ಸೇಂಟ್ ಜೇಮ್ಸಸ್ ಪಾರ್ಕ್ ಸ್ಟೇಷನ್ನಿನ ಪಕ್ಕ. ಮುಂದಿನದು ವೆಸ್ಟ್‌ಮಿನ್‌ಸ್ಟರ್, ಕೋರ್ಟು. ಆಮೇಲೆ ಟವರ್ ಹಿಲ್. ಆಮೇಲೆ ಪ್ಲೇಸ್ಟೋ. ಆರು ವರ್ಷದಿಂದ ಈ ನಾಲ್ಕನ್ನೂ ನಿದ್ದೆಗಣ್ಣಿನಲ್ಲಿ ದಾಟುತ್ತಿದ್ದೆ.

ಈಸ್ಟ್ ಲಂಡನ್ ಸ್ಮಶಾನದಲ್ಲಿ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಜಿಟಿಜಿಟಿ ಮಳೆ. ಅಪ್ಪ ಮಂಕಿ ಕ್ಯಾಪಿನ ಮೇಲೆ ಕೊಡೆ ಹಿಡಿದು, ಡೆಲಿವರಿಗೆ ಹೊರಟ ಅಂಚೆಯಣ್ಣನ ಹಾಗೆ ಪ್ರತಿ ಕಲ್ಲಿನ ಹೆಸರು ಓದುತ್ತ ಹೋದರು. ಕೊನೆಗೆ ಅವರೇ ಕಂಡುಹಿಡಿದರು. ಕಪ್ಪು ಕಲ್ಲು, 1974ರಲ್ಲಿ ನಿಲ್ಲಿಸಿದ್ದು. ಮೊದಲು ಮನೆಯವರು ಇಡಿಸಿದ್ದ ಕಲ್ಲು ಎರಡನೇ ಯುದ್ಧದಲ್ಲಿ ಹಾಳಾಯಿತು, ಅದೂ ಜರ್ಮನ್ ವಿಮಾನಗಳ ಬಾಂಬಿನಿಂದ. ಜರ್ಮನಿಯಲ್ಲಿ ಆ ಹೊತ್ತಿಗೆ ಅವನ ಹೆಸರಿನ ಯುದ್ಧನೌಕೆಯೇ ಸಮುದ್ರದಲ್ಲಿ ಓಡಾಡುತ್ತಿತ್ತು.

ಅವನ ಆಮೇಲೆ ಟವರ್‌ನಲ್ಲಿ ಸತ್ತವರಲ್ಲಿ ಮ್ಯುಲರ್ ಎಂಬವನೊಬ್ಬ. ನಿಂಬೆರಸದಲ್ಲಿ ಕಾಗದ ಬರೆಯುತ್ತಿದ್ದವನು. 1915ರ ಜೂನ್‌ನಲ್ಲಿ ಅವನನ್ನು ಕೊಂದ ಮೇಲೂ ಬ್ರಿಟಿಷರು ಅವನ ಹೆಸರಿನಲ್ಲಿ ಸುಳ್ಳು ವರದಿ ಕಳಿಸುತ್ತಲೇ ಇದ್ದರು, ಜರ್ಮನ್ನರು ಹಣ ಕಳಿಸುತ್ತಲೇ ಇದ್ದರು. ಆ ಹಣದಲ್ಲಿ ಬ್ರಿಟಿಷ್ ಗುಪ್ತಚರ ಇಲಾಖೆ ಒಂದು ಕಾರು ಕೊಂಡು ಅದಕ್ಕೆ ಮ್ಯುಲರ್ ಎಂದೇ ಹೆಸರಿಟ್ಟಿತು. ಇದನ್ನು ಹೇಳಿದಾಗ ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. ಸತ್ತವರ ಪಿಂಚಣಿ ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಅನುಭವ ಅವರಿಗೂ ಇತ್ತು.

ಕಲ್ಲಿನ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೈ ಮುಗಿಯಲೂ ಇಲ್ಲ. ಅಪ್ಪ ಕೊಡೆಯ ಹಿಡಿಕೆಯ ಮೇಲೆ ಬೆರಳಿನಲ್ಲಿ ಕುಟ್ಟುತ್ತಿದ್ದರು, ಯೋಚಿಸುವಾಗಿನ ಹಳೆಯ ಚಾಳಿ. ಸ್ಟೇಷನ್ನಿಗೆ ವಾಪಸು ನಡೆಯುವಾಗ ಅಂದರು, "ವೆರಿ ಬೇಡವಾಗಿತ್ತು. ಲಾಸ್ಟ್ ಬೇಡ. ಶಲ್ ಬೇಡ. ಎಂಟು ಪದದಲ್ಲಿ ಆಗುತ್ತಿತ್ತು."

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಬಾಗಿಲು ತೆಗೆದ ನನ್ನ ಹೆಂಡತಿಗೆ ಅಪ್ಪ ಹೊಸ್ತಿಲಾಚೆಯೇ ನಿಂತು, "ಬಿಸಿನೀರು ಇದೆಯೇನಮ್ಮ? ಮಗುವನ್ನು ಹತ್ತಿರ ಬಿಡಬೇಡ, ಸ್ಮಶಾನದಿಂದ ಬಂದಿದ್ದೇವೆ" ಅಂದರು.

ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು. "ಅಯ್ಯೋ, ಯಾರು ಹೋದರು?"

"ಗಾಬರಿಯಾಗಬೇಡ. ಹೋಗಿ ನೂರು ವರ್ಷ ಆಯಿತು," ಅಪ್ಪ ಷೂ ಬಿಚ್ಚುತ್ತ ಹೇಳಿದರು. "ಸೂತಕ ಏನಿಲ್ಲ. ಬರೀ ಸ್ನಾನ."