ಹಳೇ ಫೋನ್ ರಿಪೇರಿ: ಎರಡು ಮುಗಿದವು, ಮೂರನೆಯದು ಮೇಜಿನ ಮೇಲಿದೆ

ನೆಂಟರ ಮನೆಗಳ ಕಪಾಟಿನಲ್ಲಿ ಮೂಲೆ ಸೇರಿದ್ದ ಫೋನುಗಳನ್ನು ಕೇಳಿ ತಂದು ರಿಪೇರಿ ಮಾಡುತ್ತಿದ್ದೇನೆ. ‘ಸತ್ತೋಗಿದೆ, ಬೇಕಾದ್ರೆ ತಗೊಂಡು ಹೋಗು’ ಅಂತಲೇ ಎಲ್ಲರೂ ಕೊಡುವುದು. ಆದರೆ ಬಿಚ್ಚಿ ನೋಡಿದರೆ ಬ್ಯಾಟರಿ ಹೋಗಿರುತ್ತದೆ, ಇಲ್ಲವೇ ಚಾರ್ಜಿಂಗ್ ಪೋರ್ಟ್ ಕೆಟ್ಟಿರುತ್ತದೆ. ಬಿಚ್ಚಿ ಜೋಡಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ಹಳೇ ಮಾಡೆಲ್‌ಗೆ ಒಳ್ಳೆಯ ಬ್ಯಾಟರಿ ಹುಡುಕುವುದೇ ಕಷ್ಟ.

ಮೊದಲು ಕೈಗೆತ್ತಿಕೊಂಡದ್ದು ಭಾವನ ರೆಡ್ಮಿ ನೋಟ್ 4. 2017ರ ಜನವರಿಯಲ್ಲಿ ಭಾರತಕ್ಕೆ ಬಂದ ಫೋನ್, ಆಗ ಎಲ್ಲಿ ನೋಡಿದರೂ ಅದೇ ಇತ್ತು. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ತುಂಬುತ್ತಿರಲಿಲ್ಲ, ಶೇ 30 ಇದ್ದಾಗಲೇ ಆಫ್ ಆಗುತ್ತಿತ್ತು. ಒಂದು ಅಂಗಡಿಯಲ್ಲಿ ‘ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ’ ಅಂದಿದ್ದರಂತೆ.

ಪೋರ್ಟಿಗೆ ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಜೇಬಿನ ನೂಲಿನ ಧೂಳು ಗಟ್ಟಿಯಾಗಿ ಕೂತಿತ್ತು. ದಿನಾ ಕೇಬಲ್ ಚುಚ್ಚಿ ಚುಚ್ಚಿ ಅದು ಒಳಗೊಳಗೇ ಒತ್ತಿಕೊಂಡಿರುತ್ತದೆ. ಫೋನ್ ಆಫ್ ಮಾಡಿ, ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆದಕಿದರೆ ಬೂದು ಬಣ್ಣದ ಚಿಕ್ಕ ಉಂಡೆ ಹೊರಗೆ ಬಂತು. ಪಿನ್ನು, ಸೂಜಿ ಹಾಕಬಾರದು. ಒಳಗಿನ ತಗಡಿನ ನಾಲಿಗೆ ಬಾಗಿದರೆ ಪೋರ್ಟನ್ನೇ ಬದಲಾಯಿಸಬೇಕಾಗುತ್ತದೆ. ಈಗ ಕೇಬಲ್ ಟಕ್ ಅಂತ ಪೂರ್ತಿ ಕೂತಿತು. ಕೇಬಲ್‌ನಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ತೋರಿಸುವ ಯುಎಸ್‌ಬಿ ಮೀಟರ್‌ನಲ್ಲಿ ಅಂಕಿಯೂ ಏರಿತು.

ಆದರೂ ಬ್ಯಾಟರಿ ತೆಗೆಯಲೇಬೇಕಿತ್ತು. ಹಿಂದಿನ ಕವರ್ ಒಂದು ಬದಿಯಲ್ಲಿ ಉಗುರು ತೂರುವಷ್ಟು ಎದ್ದಿತ್ತು, ಅಂದರೆ ಬ್ಯಾಟರಿ ಊದಿದೆ. ಲಿಥಿಯಂ ಬ್ಯಾಟರಿ ಹಳತಾದಂತೆ ಒಳಗಿನ ದ್ರಾವಣ ಕೆಟ್ಟು ಗ್ಯಾಸ್ ಆಗುತ್ತದೆ. ಅಂಥದ್ದನ್ನು ಚುಚ್ಚಬಾರದು, ಬಗ್ಗಿಸಬಾರದು, ಚಾರ್ಜಿಗೂ ಹಾಕಬಾರದು.

ಸಿಮ್ ಟ್ರೇ ತೆಗೆದು, ಪೋರ್ಟಿನ ಎರಡೂ ಪಕ್ಕದ ಪುಟ್ಟ ಸ್ಕ್ರೂ ಬಿಚ್ಚಿ, ಅಂಚಿನಲ್ಲಿ ಪ್ಲಾಸ್ಟಿಕ್ ಪಿಕ್ ಓಡಿಸಿದರೆ ಲೋಹದ ಕವರ್ ಬಿಡುತ್ತದೆ. ಬಿಟ್ಟಿತು ಅಂತ ಎಳೆಯಬೇಡಿ. ಬೆರಳಚ್ಚಿನ ಸೆನ್ಸರ್ ಆ ಕವರಿನಲ್ಲೇ ಇದೆ. ಕಾಗದದಷ್ಟು ತೆಳ್ಳಗಿನ ಪಟ್ಟಿ ಅದನ್ನು ಬೋರ್ಡಿಗೆ ಕಟ್ಟಿಹಾಕಿದೆ. ಮೊದಲು ಅದನ್ನು ಬಿಡಿಸಿ, ಆಮೇಲೆ ಬ್ಯಾಟರಿ ಕನೆಕ್ಟರ್. ಬ್ಯಾಟರಿಯ ಅಡಿಯ ಅಂಟು ಬಿಡಿಸಲು ಅಂಚಿಗೆ ಎರಡು ಮೂರು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕಾಯಬೇಕು.

ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬ್ಯಾಟರಿ ಹುಡುಕಾಟ. ‘ನೋಟ್ 4 ಬ್ಯಾಟರಿ’ ಅಂತ ಕೇಳಿದರೆ ಸಾಲದು. ಇದೇ ಹೆಸರಿನ, ಮೀಡಿಯಾಟೆಕ್ ಚಿಪ್ ಇರುವ ಫೋನಿಗೆ ಬಿಎನ್41 ನಂಬರಿನ ಬ್ಯಾಟರಿ, ನಮ್ಮಲ್ಲಿ ಮಾರಾಟವಾದ ಸ್ನಾಪ್‌ಡ್ರಾಗನ್ 625 ಚಿಪ್‌ನ ಫೋನಿಗೆ ಬಿಎನ್43. ಹಳೇ ಬ್ಯಾಟರಿಯನ್ನು ಜೊತೆಗೆ ಒಯ್ಯುವ ಬದಲು ಅದರ ಮೇಲಿನ ನಂಬರಿನ ಫೋಟೊ ಒಯ್ಯಿರಿ. ಊದಿದ ಬ್ಯಾಟರಿ ಬ್ಯಾಗಿನಲ್ಲಿ ಇರಬಾರದು. ‘ಹೊಸದು’ ಅಂತ ಕೊಡುವುದು ಎಷ್ಟೋ ವರ್ಷ ಶೆಲ್ಫಿನಲ್ಲಿ ಕೂತಿರಬಹುದು. ಬಳಸದಿದ್ದರೂ ಲಿಥಿಯಂ ಬ್ಯಾಟರಿಗೆ ವಯಸ್ಸಾಗುತ್ತದೆ. ಹಾಗಾಗಿ ತಯಾರಾದ ತಿಂಗಳು ನೋಡುತ್ತೇನೆ, ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡುತ್ತೇನೆ. 3.8ರ ಆಸುಪಾಸು ಇದ್ದರೆ ಸರಿ. 3ಕ್ಕಿಂತ ಕೆಳಗಿದ್ದರೆ ವಾಪಸ್. ಕಂಪನಿಯ ಬ್ಯಾಟರಿಯೇ 4100 ಎಂಎಎಚ್ ಇರುವಾಗ, ಅಷ್ಟೇ ಗಾತ್ರದ ಬ್ಯಾಟರಿಯ ಮೇಲೆ 5000 ಅಂತ ಬರೆದಿದ್ದರೆ ನಾನಂತೂ ನಂಬುವುದಿಲ್ಲ.

ಬ್ಯಾಟರಿ ಕೂತಿತು, ಫೋನ್ ಗಟ್ಟಿಯಾಗಿದೆ. ಆದರೆ ಕಂಪನಿ ಆಂಡ್ರಾಯ್ಡ್ 7ಕ್ಕೇ ಕೈಬಿಟ್ಟಿತ್ತು. ಹಳೇ ಫೋನುಗಳಿಗಾಗಿ ಸ್ವಯಂಸೇವಕರು ಸಿದ್ಧಪಡಿಸುವ ಲಿನಿಯೇಜ್ ಓಎಸ್ ಹಾಕಿದ ಮೇಲೆ ಹೊಸ ಆಂಡ್ರಾಯ್ಡ್ ಬಂತು. ಒಂದು ಮಾತು: ಅದನ್ನು ಹಾಕಲು ಬೂಟ್‌ಲೋಡರ್, ಅಂದರೆ ಫೋನ್ ಶುರುವಾಗುವಾಗ ಓಡುವ ಮೊದಲ ಪ್ರೋಗ್ರಾಂ, ಅನ್‌ಲಾಕ್ ಮಾಡಬೇಕು; ಹಾಗೆ ಮಾಡಿದರೆ ಎಷ್ಟೋ ಬ್ಯಾಂಕ್ ಆ್ಯಪ್, ಯುಪಿಐ ಆ್ಯಪ್ ಓಡಲು ಒಪ್ಪುವುದಿಲ್ಲ. ಅದಕ್ಕೇ ಈ ಫೋನನ್ನು ಅಕ್ಕನ ಮಗಳ ಪಾಠದ ವಿಡಿಯೊಗಳಿಗೆ ಕೊಟ್ಟೆವು. ಯಂತ್ರ ಸರಿಯಿದ್ದರೂ ಸಾಫ್ಟ್‌ವೇರ್ ಕಾರಣಕ್ಕೆ ಫೋನ್ ಮೂಲೆ ಸೇರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಎರಡನೆಯದು ಅತ್ತೆಯ ಸ್ಯಾಮ್‌ಸಂಗ್ ಜೆ2, 2015ರದ್ದು. ಉಗುರಿನಲ್ಲಿ ಕವರ್ ತೆಗೆದು ಬ್ಯಾಟರಿ ಬದಲಾಯಿಸಿದೆ, ಮುಗಿಯಿತು. ಅಂಟಿಲ್ಲ, ಸ್ಕ್ರೂ ಇಲ್ಲ. ಎಲ್ಲ ಫೋನೂ ಹೀಗೇ ಇರಬೇಕಿತ್ತು, ಅಲ್ವಾ? 1 ಜಿಬಿ ರ‍್ಯಾಮ್‌ನಲ್ಲಿ ಈಗಿನ ಆ್ಯಪ್‌ಗಳು ತೆವಳುತ್ತವೆ. ಆದರೆ ಇಯರ್‌ಫೋನ್ ಸಿಕ್ಕಿಸಿದರೆ ವಿವಿಧ ಭಾರತಿ 102.9 ಚೆನ್ನಾಗಿ ಬರುತ್ತದೆ. ಅತ್ತೆಗೆ ಅಷ್ಟು ಸಾಕು.

ಮೂರನೆಯದು ನೀರಿಗೆ ಬಿದ್ದ ಮೋಟೊ. ಇದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದರು. ಅಕ್ಕಿಯಿಂದ ಏನೂ ಆಗದು. ನೀರು ಆರಿದರೂ ಅದರಲ್ಲಿನ ಉಪ್ಪಿನಂಶ ಬೋರ್ಡಿನ ಮೇಲೇ ಉಳಿಯುತ್ತದೆ, ಕರೆಂಟ್ ಹರಿದಾಗ ತುಕ್ಕು ಬೆಳೆಯುತ್ತದೆ. ಬ್ಯಾಟರಿ ಕನೆಕ್ಟರಿನ ಸುತ್ತ ಹಸಿರು ಪುಡಿ ಕಾಣಿಸುತ್ತಿದೆ. ಆಲ್ಕೊಹಾಲ್ ಮತ್ತು ಮೆತ್ತನೆ ಬ್ರಷ್‌ನಿಂದ ಒಂದು ಸುತ್ತು ಉಜ್ಜಿದ್ದೇನೆ. ಮೀಟರ್‌ನಲ್ಲಿ ಈಗ ಸ್ವಲ್ಪ ಕರೆಂಟ್ ತೋರಿಸುತ್ತಿದೆ, ಪರದೆ ಇನ್ನೂ ಕಪ್ಪು.

ಇಷ್ಟೆಲ್ಲ ಯಾಕೆ ಅಂತ ಭಾವ ಕೇಳಿದರು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ಕಸ ಬಿದ್ದಿದೆ. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ಫೋನ್ ತನ್ನ ಆಯಸ್ಸಿನಲ್ಲಿ ಮಾಡುವ ಮಾಲಿನ್ಯದ ದೊಡ್ಡ ಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ, ನಾವು ಚಾರ್ಜ್ ಮಾಡುವುದರಿಂದಲ್ಲ. ಇರುವ ಫೋನನ್ನು ಇನ್ನೆರಡು ವರ್ಷ ಓಡಿಸಿದರೆ ಜಾಸ್ತಿ ಲಾಭ ಅನ್ನುವುದು ಅದಕ್ಕೇ.

ತೆಗೆದ ಬ್ಯಾಟರಿಯ ತುದಿಗಳಿಗೆ ಟೇಪ್ ಸುತ್ತಿ, ಮರಳು ತುಂಬಿದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮನೆ ಕಸಕ್ಕೆ ಹಾಕಿದರೆ ಲಾರಿಯಲ್ಲಿ ಒತ್ತಡ ಬಿದ್ದು ಬೆಂಕಿ ಹೊತ್ತಿಕೊಳ್ಳಬಹುದು. ಅನುಮತಿ ಪಡೆದ ಇ-ಕಸ ಸಂಗ್ರಹದವರಿಗೇ ಕೊಡಬೇಕು. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ 2005ರಿಂದಲೇ ಇ-ಪರಿಸರ ಘಟಕ ಈ ಕೆಲಸ ಮಾಡುತ್ತಿದೆ.

ಮುಂದೆ ಮೋಟೊದ ಶೀಲ್ಡ್, ಅಂದರೆ ಬೋರ್ಡಿನ ಚಿಪ್‌ಗಳ ಮೇಲಿನ ಲೋಹದ ಮುಚ್ಚಳ, ತೆಗೆದು ಅಡಿಯಲ್ಲೂ ತೊಳೆಯಬೇಕು, ಆಮೇಲೆ ಬೇರೆ ಡಿಸ್‌ಪ್ಲೇ ಸಿಕ್ಕಿಸಿ ನೋಡಬೇಕು. ನಾಲ್ಕನೇ ಫೋನ್ ಚಿಕ್ಕಪ್ಪನ ಮನೆಯಿಂದ ಬರಲಿದೆ. ಕೊಡುವ ಮೊದಲು ಫೋಟೊಗಳನ್ನು ಇಳಿಸಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆಗೆದುಬಿಡಿ ಅಂತ ಅವರಿಗೆ ಹೇಳಿದ್ದೇನೆ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಹಳೇ ಪಾಸ್‌ವರ್ಡ್ ಕೇಳಬಹುದು, ಅದು ಯಾರಿಗೂ ನೆನಪಿರುವುದಿಲ್ಲ.