ಎಣಿಕೆ ಇಲ್ಲದ ಹೊಸ ವರ್ಷ

ನವೆಂಬರ್ 9, 2025, ಭಾನುವಾರ

ಬೆಳಿಗ್ಗೆಯಿಂದ ಊಟದ ಮೇಜಿನ ಮೇಲೆ ಮಗಳ ಹಳೇ ಅಟ್ಲಾಸ್ ಬಿದ್ದುಕೊಂಡಿದೆ. ಹೊಸ ವರ್ಷಕ್ಕೆ ಎಲ್ಲಿಗೆ ಹೋಗೋದು ಅನ್ನುವ ಪಂಚಾಯ್ತಿ. ಈ ಸಲ ನನ್ನದು ಒಂದೇ ಷರತ್ತು. ನಮ್ಮ ಸುತ್ತ ಯಾರೂ ‘ಹತ್ತು, ಒಂಬತ್ತು, ಎಂಟು’ ಅಂತ ಕೂಗಬಾರದು. ಹೋದ ವರ್ಷ ಆ ಕೂಗು ನಮಗೆ ಕೇಳಿಸಿದ್ದು ಪಾರ್ಕಿಂಗ್ ನೆಲಮಾಳಿಗೆಯಲ್ಲಿ. ಹಿಂದೆ ಮುಂದೆ ಬರೀ ಕಾರು. ಹನ್ನೆರಡಾದಾಗ ಇವರು ಒಮ್ಮೆ ಹಾರ್ನ್ ಒತ್ತಿ ‘ಹ್ಯಾಪಿ ನ್ಯೂ ಇಯರ್’ ಅಂದರು. ನನಗೆ ನಗು ಬರಲಿಲ್ಲ.

ಮಗಳು ಬೆರಳಿಟ್ಟಿದ್ದು ಪೆಸಿಫಿಕ್ ಸಾಗರದ ನಟ್ಟನಡುವೆ. ಕಿರಿಬಾಟಿ ದೇಶದ ಕಿರಿಟಿಮಾಟಿ ದ್ವೀಪ. ಅಲ್ಲಿಯವರ ಬಾಯಲ್ಲಿ ಆ ‘ಟಿ’ ಬಹುಮಟ್ಟಿಗೆ ‘ಸ್’ ಆಗುತ್ತದೆ, ಹಾಗಾಗಿ ದ್ವೀಪದ ಹೆಸರು ಓದಿದರೆ ಕ್ರಿಸ್‌ಮಸ್! 1777ರ ಕ್ರಿಸ್‌ಮಸ್ ಹಿಂದಿನ ದಿನ ಕ್ಯಾಪ್ಟನ್ ಕುಕ್ ಅಲ್ಲಿಗೆ ಬಂದಿದ್ದನಂತೆ. ಅಲ್ಲಿಯ ಗಡಿಯಾರ ಯುಟಿಸಿಗಿಂತ, ಅಂದರೆ ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯಕ್ಕಿಂತ, 14 ಗಂಟೆ ಮುಂದೆ. ಹೊಸ ವರ್ಷ ಎಲ್ಲರಿಗಿಂತ ಮೊದಲು ಬರುವುದು ಆ ಕಡೆಗೇ. ಆಸೆಯೇನೋ ಆಯ್ತು. ಆದರೆ ಅಲ್ಲಿಗೆ ವಿಮಾನ ವಾರಕ್ಕೆ ಬೆರಳೆಣಿಕೆಯಷ್ಟು. ಒಂದು ತಪ್ಪಿದರೆ ಸಂಕ್ರಾಂತಿಯೂ ಅಲ್ಲೇ ಅನ್ನಿಸಿ ಕೈಬಿಟ್ಟೆವು.

ಅದರ ಕೆಳಗೇ ಸಮೋವಾ ಕಾಣಿಸಿತು. ಇದರ ಕಥೆ ನನಗೆ ತುಂಬಾ ಹಿಡಿಸಿತು. 2011ರಲ್ಲಿ ಅವರು ಡಿಸೆಂಬರ್ 30ನ್ನೇ ಬಿಟ್ಟುಬಿಟ್ಟರು. ಗುರುವಾರ ರಾತ್ರಿ ಮಲಗಿದವರು ಎದ್ದದ್ದು ಶನಿವಾರ ಬೆಳಿಗ್ಗೆ. ವ್ಯಾಪಾರವೆಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ. ಸಮೋವಾದವರಿಗೆ ಶುಕ್ರವಾರ ಇದ್ದಾಗ ಅವರಿಗೆ ಶನಿವಾರದ ರಜೆ, ಸಮೋವಾದಲ್ಲಿ ಭಾನುವಾರ ಆದಾಗ ಅವರು ಆಫೀಸಿಗೆ ಹೊರಟಿರುತ್ತಿದ್ದರು. ಅದಕ್ಕೇ ದಿನಾಂಕ ರೇಖೆಯ, ಅಂದರೆ ಭೂಪಟದಲ್ಲಿ ತಾರೀಕು ಬದಲಾಗುವ ಗೆರೆಯ, ಈ ಕಡೆಗೆ ಬಂದರು. ತಮಾಷೆ ಅಂದರೆ 1892ರಲ್ಲಿ ಇದೇ ದ್ವೀಪ ಅಮೆರಿಕದ ವ್ಯಾಪಾರಕ್ಕಾಗಿ ಆ ಕಡೆಗೆ ಹೋಗಿ, ಜುಲೈ 4ನ್ನು ಎರಡು ಸಲ ಕಳೆದಿತ್ತು. ಪಾಪ, ಡಿಸೆಂಬರ್ 30ರಂದು ಹುಟ್ಟಿದವರು ಆ ವರ್ಷ ಕೇಕ್ ಯಾವಾಗ ಕತ್ತರಿಸಿದರೋ!

ಪಕ್ಕದ ಅಮೆರಿಕನ್ ಸಮೋವಾ ಮಾತ್ರ ರೇಖೆಯ ಆ ಕಡೆಯೇ ಉಳಿಯಿತು. ಎರಡಕ್ಕೂ ಸರಿಯಾಗಿ 24 ಗಂಟೆ ವ್ಯತ್ಯಾಸ. ಸಮೋವಾದಲ್ಲಿ ಹೊಸ ವರ್ಷ ಮುಗಿಸಿ, ಜನವರಿ 1ರಂದು ಪುಟ್ಟ ವಿಮಾನ ಹತ್ತಿ ಅಲ್ಲಿ ಇಳಿದರೆ ಮತ್ತೆ ಡಿಸೆಂಬರ್ 31.

“ರೀ, ಎರಡು ಸಲ ಹೊಸ ವರ್ಷ!” ಅಂದೆ.

“ಎರಡು ರಾತ್ರಿ ನಿದ್ದೆಗೆಡಬೇಕು ಅಲ್ವಾ?” ಅಂದರು. ಅದೂ ನಿಜ. ಎಣಿಕೆಯೇ ಬೇಡ ಅಂದವಳು ಎರಡೆರಡು ಸಲ ಕೇಳೋಕೆ ಹೊರಟಿದ್ದೆ. ಅದೂ ಅಲ್ಲದೆ ಜನವರಿ ಅಲ್ಲಿ ಚಂಡಮಾರುತದ ಕಾಲ.

ದಕ್ಷಿಣ ಧ್ರುವದ ಬಗ್ಗೆ ಸುಮ್ನೆ ಓದಿದೆ. ಹೋಗುವ ಮಾತಿಲ್ಲ, ಮನೆ ಮಾರಬೇಕಾಗುತ್ತದೆ. ಅಲ್ಲಿ ಮಂಜಿನ ಹಾಸು ವರ್ಷಕ್ಕೆ ಸುಮಾರು 10 ಮೀಟರ್ ಜರುಗುತ್ತದಂತೆ. ಹಾಗಾಗಿ ‘ಇದೇ ಧ್ರುವ’ ಅಂತ ನೆಟ್ಟ ಗುರುತಿನ ಕಂಬವೂ ಅದರ ಜೊತೆ ಸರಿದಿರುತ್ತದೆ. ಪ್ರತಿ ಜನವರಿ 1ರಂದು ಸರಿಯಾದ ಜಾಗದಲ್ಲಿ ಹೊಸದು ನೆಡುತ್ತಾರೆ. ನನಗೆ ಕೇಳಿದರೆ ಇದಕ್ಕಿಂತ ಒಳ್ಳೆಯ ಹೊಸ ವರ್ಷದ ಆಚರಣೆ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಸಾಕಾಗಿತ್ತು. ಇವರು ಸೋಫಾ ಮೇಲೆ ಬಿದ್ದುಕೊಂಡು, ಉಳಿದಿರುವ ರಜೆಯನ್ನು ಮಾರ್ಚ್ ಒಳಗೆ ತೀರಿಸಬೇಕು ಅಂತ ಬಾಲಿಗೆ ಟಿಕೆಟ್ ನೋಡುತ್ತಿದ್ದರು. ವಾಪಸ್ ಬರುವ ದಿನ ಮಾರ್ಚ್ 19. ವಿಮಾನವೇ ಇಲ್ಲ. 18ಕ್ಕೆ ಇದೆ, 20ಕ್ಕೆ ಇದೆ. ಮೂರು ಸಲ ರಿಫ್ರೆಶ್ ಮಾಡಿ, “ಈ ಆ್ಯಪ್ ಕೆಟ್ಟಿದೆ ಕಣೇ” ಅಂತ ಫೋನ್ ನನ್ನ ಕೈಗಿಟ್ಟರು.

ಆ್ಯಪ್ ಕೆಟ್ಟಿರಲಿಲ್ಲ. ಅವತ್ತು ಬಾಲಿಯಲ್ಲಿ ನ್ಯೇಪಿ, ಅಲ್ಲಿಯ ಶಕ ಪಂಚಾಂಗದ ಹೊಸ ವರ್ಷ. ಹಿಂದಿನ ಸಂಜೆ ಓಗೋ-ಓಗೋ ಅನ್ನುವ ದೈತ್ಯ ಗೊಂಬೆಗಳನ್ನು ಹೊತ್ತು ಬೀದಿ ತುಂಬಾ ಗಲಾಟೆ. ಬೆಳಿಗ್ಗೆ ಆರಕ್ಕೆ ಎಲ್ಲ ಬಂದ್, ಮರುದಿನ ಬೆಳಿಗ್ಗೆ ಆರರವರೆಗೆ. ಬೆಂಕಿ ಹಚ್ಚುವಂತಿಲ್ಲ, ದೀಪ ಹಾಕುವಂತಿಲ್ಲ. ಕೆಲಸ ಇಲ್ಲ, ಓಡಾಟ ಇಲ್ಲ, ಮೋಜು ಇಲ್ಲ. ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚಿರುತ್ತದೆ. 2018ರಿಂದ ಮೊಬೈಲ್ ಇಂಟರ್ನೆಟ್ಟೂ ಬಂದ್. ಪೆಚಲಾಂಗ್ ಅನ್ನುವ ಊರ ಕಾವಲುಗಾರರು ಮಾತ್ರ ಬೀದಿಯಲ್ಲಿ ತಿರುಗುತ್ತಾರೆ. ಪ್ರವಾಸಿಗರಿಗೂ ವಿನಾಯಿತಿ ಇಲ್ಲ, ಹೋಟೆಲ್ ದಾಟುವ ಹಾಗಿಲ್ಲ. ದುಷ್ಟಶಕ್ತಿಗಳು ಬಂದು ನೋಡಿ, ದ್ವೀಪ ಖಾಲಿ ಇದೆ ಅಂದುಕೊಂಡು ಹೊರಟುಹೋಗಲಿ ಅನ್ನುವ ನಂಬಿಕೆ.

ಓದುತ್ತಾ ಓದುತ್ತಾ ನನ್ನ ದನಿ ಏರಿತ್ತು. ಇಡೀ ದಿನ ಜಾಗ ಹುಡುಕಿದೆವು, ತಾರೀಕು ಬದಲಾಯಿಸಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ.

“ದುಡ್ಡು ಕೊಟ್ಟು ಹೋಗಿ ರೂಮಲ್ಲಿ ಕೂರೋದಾ?” ಮಗಳ ಪ್ರಶ್ನೆ.

“ಹೌದು. ಅದೂ 1948ನೇ ಇಸವಿಗೆ ಹೋಗಿ ಕೂರೋದು” ಅಂದೆ. ಶಕ ವರ್ಷದ ಲೆಕ್ಕದಲ್ಲಿ ಅವತ್ತು ಶುರುವಾಗುವುದು ಅದೇ.

17ಕ್ಕೆ ಹೋಗಿ 21ಕ್ಕೆ ವಾಪಸ್, ಟಿಕೆಟ್ ಆಯಿತು. ಬೀದಿದೀಪವೂ ಇಲ್ಲದ ಆ ಅಮಾವಾಸ್ಯೆ ಆಸುಪಾಸಿನ ರಾತ್ರಿ ಆಕಾಶ ಹೇಗಿರಬಹುದು! ರೂಮಿನ ಹೊರಗೆ ಕೂತು ನೋಡಲು ಜಾಗ ಇದೆಯಾ ಅಂತ ಹೋಟೆಲಿಗೆ ಮೇಲ್ ಕಳಿಸಿದ್ದೇನೆ. ಡಿಸೆಂಬರ್ 31ಕ್ಕೆ ನಾನಂತೂ ಹತ್ತು ಗಂಟೆಗೇ ಮಲಗುವವಳು.

ಇವರು ಆಗಲೇ ಪಕ್ಕದಲ್ಲಿ ಕೂತು, ಇಂಟರ್ನೆಟ್ ಇಲ್ಲದ ದಿನಕ್ಕೆ ಅಂತ ಯಾವ್ಯಾವ ಸಿನಿಮಾ ಫೋನಿಗೆ ಇಳಿಸಿಕೊಳ್ಳಬೇಕು ಅಂತ ಪಟ್ಟಿ ಮಾಡುತ್ತಿದ್ದಾರೆ. ಅವತ್ತು ಮೋಜೂ ಇಲ್ಲ ಅನ್ನುವ ಸಾಲನ್ನು ಇವರಿಗೆ ಇನ್ನೂ ಓದಿ ಹೇಳಿಲ್ಲ.